ಗರ್ಭಕೋಶವಿಲ್ಲದವರ ಪ್ಯಾಪ್ ವರದಿ

ಗರ್ಭಕೋಶ ತೆಗೆಸಿಕೊಂಡ ಮಹಿಳೆಗೆ ಗರ್ಭಕಂಠದ ಕ್ಯಾನ್ಸರಿನ ಭಯವಿಲ್ಲ ಎಂಬ ನಂಬಿಕೆ ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಎಷ್ಟೋ ಶಸ್ತ್ರಚಿಕಿತ್ಸೆಗಳಿಗೆ ಒಪ್ಪಿಗೆ ಸಿಗುವುದೇ ಅದರ ಬಲದಿಂದ. ಬಿಳಿ ಮುಟ್ಟು, ಅತಿಯಾದ ರಕ್ತಸ್ರಾವ, ಕಿಬ್ಬೊಟ್ಟೆಯ ನೋವು ಎಂದು ಬಂದವರಿಗೆ ‘ಚೀಲ ತೆಗೆಸಿಬಿಟ್ಟರೆ ಮುಂದೆ ಕ್ಯಾನ್ಸರ್ ಆಗುವ ಪ್ರಶ್ನೆಯೇ ಇಲ್ಲ’ ಎಂದು ಹೇಳುವವರು ಮನೆಯಲ್ಲಿಯೂ ಇದ್ದಾರೆ, ಆಸ್ಪತ್ರೆಗಳಲ್ಲಿಯೂ ಇದ್ದಾರೆ. ಹೀಗೆ ನಿಶ್ಚಿಂತಳಾದ ಮಹಿಳೆಯೊಬ್ಬಳ ಕೈಗೆ, ಕೆಲವು ವರ್ಷಗಳ ಮೇಲೆ ಯಾವುದೋ ತಪಾಸಣೆಯ ಪ್ಯಾಕೇಜಿನಲ್ಲಿ ಮಾಡಿಸಿದ ಪ್ಯಾಪ್ ಪರೀಕ್ಷೆಯ ವರದಿ ‘ಅಸಹಜ ಕೋಶಗಳು ಕಂಡಿವೆ’ ಎಂಬ ಸಾಲಿನೊಂದಿಗೆ ಬಂದರೆ, ಸುತ್ತಲಿನವರಿಂದ ಎರಡು ಬಗೆಯ ತೀರ್ಪು ಹೊರಡುತ್ತದೆ. ಇಲ್ಲದ ಅಂಗಕ್ಕೆ ರೋಗ ಬರುವುದುಂಟೆ, ಲ್ಯಾಬಿನವರೇ ಎಡವಿದ್ದಾರೆ ಎಂಬುದು ಒಂದು. ತೆಗೆದುಹಾಕಿದ ಮೇಲೂ ಬಂದಿದೆಯೆಂದರೆ ಕ್ಯಾನ್ಸರ್ ಆಗಲೇ ಒಳಗೆಲ್ಲ ಹರಡಿರಬೇಕು ಎಂಬುದು ಇನ್ನೊಂದು. ಒಂದಕ್ಕೊಂದು ಎದುರಾಗಿ ನಿಂತಂತೆ ಕಾಣುವ ಈ ಎರಡೂ ತೀರ್ಪುಗಳು ಹುಟ್ಟುವುದು ಒಂದೇ ತಪ್ಪಿನಿಂದ: ವರದಿಯ ಅರ್ಥವೆಲ್ಲ ಆ ವರದಿಯೊಳಗೇ ಇದೆ ಎಂಬ ಗ್ರಹಿಕೆಯಿಂದ.

ಮೂಲ ನಂಬಿಕೆಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಅದರ ಬೇರು ಸರಿಯಾದ ವಿಜ್ಞಾನದಲ್ಲಿಯೇ ಇದೆ. ಗರ್ಭಕೋಶದ ಕೆಳತುದಿ ಕಿರಿದಾಗಿ ಯೋನಿಯೊಳಕ್ಕೆ ಚಾಚಿಕೊಂಡಿರುವ ಭಾಗವೇ ಗರ್ಭಕಂಠ. ಅದರ ಹೊರಮೈಗೆ ಹಲವು ಪದರಗಳ ಚಪ್ಪಟೆ ಕೋಶಗಳ ಹೊದಿಕೆಯೂ ಒಳನಾಳಕ್ಕೆ ಲೋಳೆ ಸ್ರವಿಸುವ ಒಂದೇ ಪದರದ ಕಂಬದಾಕಾರದ ಕೋಶಗಳ ಹೊದಿಕೆಯೂ ಇರುತ್ತವೆ. ಇವೆರಡೂ ಸಂಧಿಸುವ ಗೆರೆ ವಯಸ್ಸಿನೊಂದಿಗೆ ಜಾಗ ಬದಲಿಸುವುದರಿಂದ, ಅದರ ಆಸುಪಾಸಿನಲ್ಲಿ ಒಂದು ಬಗೆಯ ಕೋಶಗಳು ಇನ್ನೊಂದು ಬಗೆಯವಾಗಿ ಮಾರ್ಪಡುತ್ತಲೇ ಇರುತ್ತವೆ. ಪರಿವರ್ತನಾ ವಲಯ ಎಂದು ಕರೆಯಲಾಗುವ ಈ ಕಿರಿದಾದ ಪಟ್ಟಿಯೇ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ವರ್ಷಗಟ್ಟಲೆ ಉಳಿದು ಕೋಶಗಳನ್ನು ಕೆಡಿಸಲು ಅತ್ಯಂತ ಅನುಕೂಲವಾದ ನೆಲೆ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ ಮತ್ತು ಸಂಗಡಿಗರು 1980ರ ದಶಕದ ಮೊದಲ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಗಡ್ಡೆಗಳಲ್ಲಿ ಗುರುತಿಸಿದ ಈ ವೈರಸ್ಸಿನ 16 ಮತ್ತು 18ನೇ ಬಗೆಗಳೇ ಇಂದಿಗೂ ಈ ಕ್ಯಾನ್ಸರಿನ ಸುಮಾರು ಶೇಕಡಾ 70ರಷ್ಟು ಪ್ರಕರಣಗಳಿಗೆ ಕಾರಣವಾಗಿವೆ. ಆ ಶೋಧಕ್ಕಾಗಿ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಗರ್ಭಕಂಠವನ್ನು ಪೂರ್ತಿಯಾಗಿ ತೆಗೆದರೆ ಪರಿವರ್ತನಾ ವಲಯವೂ ಅದರೊಂದಿಗೆ ಹೋಗುತ್ತದೆ. ಉಳಿಯುವ ಯೋನಿಯ ಗೋಡೆಗೆ ವೈರಸ್ ತಗಲಬಹುದಾದರೂ ಅಲ್ಲಿ ಅಂಥ ಮಾರ್ಪಾಟಿನ ವಲಯವಿಲ್ಲ. ಯೋನಿಯಲ್ಲಿಯೇ ಹುಟ್ಟುವ ಕ್ಯಾನ್ಸರ್ ಸ್ತ್ರೀ ಜನನಾಂಗಗಳ ಒಟ್ಟು ಕ್ಯಾನ್ಸರುಗಳಲ್ಲಿ ಶೇಕಡಾ 1ರಿಂದ 2ರಷ್ಟು ಮಾತ್ರ.

ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡ ಮಹಿಳೆಯರ ಒಂಬತ್ತು ಸಾವಿರಕ್ಕೂ ಹೆಚ್ಚು ಯೋನಿ ಲೇಪಗಳನ್ನು, ಅಂದರೆ ಪ್ಯಾಪ್ ಪರೀಕ್ಷೆಗೆಂದು ಸವರಿ ತೆಗೆದು ಸ್ಲೈಡಿಗೆ ಹಚ್ಚಿದ ಕೋಶಗಳನ್ನು, ಪರಿಶೀಲಿಸಿ 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಒಂದು ಲೇಪ ಅಸಹಜವೆಂದು ಕಂಡಿತಾದರೂ, ಯೋನಿಯ ಕ್ಯಾನ್ಸರನ್ನು ಹಿಡಿದುಕೊಡುವ ಮಟ್ಟಿಗೆ ಆ ಅಸಹಜತೆಗಳ ಮೌಲ್ಯ ಸೊನ್ನೆಯಾಗಿತ್ತು. ಗರ್ಭಕಂಠವೇ ಇಲ್ಲದ ಸುಮಾರು ಒಂದು ಕೋಟಿ ಅಮೆರಿಕನ್ ಮಹಿಳೆಯರು ಗರ್ಭಕಂಠದ ತಪಾಸಣೆಗೆ ಒಳಗಾಗುತ್ತಲೇ ಇದ್ದಾರೆಂದು 2004ರಲ್ಲಿ ಲೆಕ್ಕ ಹಾಕಲಾಯಿತು. ತಡೆಗಟ್ಟುವ ವೈದ್ಯಕೀಯದ ಬಗ್ಗೆ ಶಿಫಾರಸು ನೀಡುವ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್, ಇಂಥವರಿಗೆ ತಪಾಸಣೆ ಬೇಡವೆಂದು 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ಜನರ ನಂಬಿಕೆ ನುಂಗಿಹಾಕುವ ಎರಡು ಷರತ್ತುಗಳು ಆ ಶಿಫಾರಸಿನಲ್ಲಿಯೇ ಇವೆ: ಗರ್ಭಕೋಶದೊಂದಿಗೆ ಗರ್ಭಕಂಠವನ್ನೂ ತೆಗೆದಿರಬೇಕು, ಮತ್ತು ಆ ಮಹಿಳೆಗೆ ಹಿಂದೆಂದೂ ಗರ್ಭಕಂಠದ ಕ್ಯಾನ್ಸರಾಗಲಿ ಅದರ ತೀವ್ರ ಪೂರ್ವಸ್ಥಿತಿಯಾಗಲಿ ಇದ್ದಿರಬಾರದು. ಇಡೀ ಗೊಂದಲ ಕುಳಿತಿರುವುದು ಈ ಎರಡು ಷರತ್ತುಗಳಲ್ಲಿ.

ಮೊದಲನೆಯದನ್ನು ನೋಡೋಣ. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಒಂದೇ ಬಗೆಯದಲ್ಲ. ಟೋಟಲ್ ಎಂದು ಕರೆಯುವ ಪೂರ್ಣ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕಂಠವೂ ಹೋಗುತ್ತದೆ. ಸಬ್‌ಟೋಟಲ್ ಎಂದು ಕರೆಯುವ ಭಾಗಶಃ ಶಸ್ತ್ರಚಿಕಿತ್ಸೆಯಲ್ಲಿ ಮೇಲಿನ ಭಾಗವನ್ನಷ್ಟೇ ಕತ್ತರಿಸಿ ಗರ್ಭಕಂಠವನ್ನು ಅಲ್ಲಿಯೇ ಬಿಡುತ್ತಾರೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಜೀವಕ್ಕೇ ಸಂಚಕಾರ ಬಂದಾಗ ತುರ್ತಾಗಿ ನಡೆಸುವ ಶಸ್ತ್ರಚಿಕಿತ್ಸೆ ಬಹಳ ಸಲ ಈ ಎರಡನೆಯ ಬಗೆಯದು. ಹಿಂದಿನ ಶಸ್ತ್ರಚಿಕಿತ್ಸೆಗಳಿಂದ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದಾಗಲೂ ಮೂತ್ರಕೋಶಕ್ಕೆ ಏಟು ಬೀಳದಿರಲೆಂದು ವೈದ್ಯರು ಗರ್ಭಕಂಠವನ್ನು ಉಳಿಸುವುದುಂಟು. ಅಂಥ ಮಹಿಳೆಗೆ ಮುಟ್ಟು ನಿಂತಿರುತ್ತದೆ ಅಥವಾ ತಿಂಗಳಿಗೊಮ್ಮೆ ಒಂದಿಷ್ಟು ಕಲೆ ಕಾಣುತ್ತದೆ, ಮಕ್ಕಳಾಗುವುದಿಲ್ಲ, ಮನೆಯವರೆಲ್ಲರ ಲೆಕ್ಕದಲ್ಲಿ ಗರ್ಭಕೋಶ ಹೋಗಿದೆ; ಕ್ಯಾನ್ಸರಿನ ಲೆಕ್ಕದಲ್ಲಿ ಮಾತ್ರ ಆಕೆ ಶಸ್ತ್ರಚಿಕಿತ್ಸೆ ಆಗದವಳಿಗೆ ಸಮ. ಆಕೆಯ ತಪಾಸಣೆಯೂ ಅಸಹಜ ವರದಿಯ ನಂತರದ ಕ್ರಮವೂ ಎಲ್ಲರಂತೆಯೇ ನಡೆಯಬೇಕು. ಯಾರಿಗೆ ಯಾವ ಬಗೆಯದಾಗಿದೆ ಎಂಬುದು ಹೊಟ್ಟೆಯ ಮೇಲಿನ ಗಾಯದ ಗುರುತಿನಿಂದ ತಿಳಿಯುವುದಿಲ್ಲ. ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಯೋನಿಯನ್ನು ಅಗಲಿಸಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಈ ಎರಡು ನಿಮಿಷದ ನೋಟವಿಲ್ಲದೆ ವರದಿಯ ಮೇಲೆ ಚರ್ಚೆ ನಡೆಸುವುದು ಗಾಳಿಯಲ್ಲಿ ಗುದ್ದಾಡಿದಂತೆ.

ಎರಡನೆಯ ಷರತ್ತು ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಅದು ಏನನ್ನು ತೆಗೆದರು ಎಂಬುದನ್ನು ಬಿಟ್ಟು ಏಕೆ ತೆಗೆದರು ಎಂದು ಕೇಳುತ್ತದೆ. ಗರ್ಭಕಂಠ ಪೂರ್ತಿ ಹೋಗಿರುವ ಮಹಿಳೆಯರಲ್ಲಿಯೂ ಒಂದೇ ವರದಿಯ ಅರ್ಥ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಹೀಗೆ ಬಿಡಿಸಿ ನೋಡಬಹುದು.

1. ನಾರುಗಡ್ಡೆ, ಅತಿಸ್ರಾವ, ಗರ್ಭಕೋಶ ಜಾರುವಿಕೆಯಂಥ ಕಾರಣಕ್ಕೆ ಶಸ್ತ್ರಚಿಕಿತ್ಸೆಯಾಗಿ, ತೆಗೆದ ಅಂಗದ ಬಯಾಪ್ಸಿಯಲ್ಲಿಯೂ ಕೆಡುಕೇನೂ ಕಂಡಿರದಿದ್ದರೆ, ಲೇಪದ ಅಸಹಜತೆ ಬಹುಮಟ್ಟಿಗೆ ಒಣಗಿದ ಯೋನಿ, ಸೋಂಕು ಅಥವಾ ಗಾಯ ಮಾಗಿದ ಗುರುತಿನ ಫಲ.

2. ಸಿಐಎನ್ 2 ಅಥವಾ 3, ಅಂದರೆ ಗರ್ಭಕಂಠದ ಹೊದಿಕೆಯಲ್ಲಿ ಕ್ಯಾನ್ಸರಿಗೆ ಮುಂಚಿನ ತೀವ್ರ ಬದಲಾವಣೆ ಇದ್ದುದರಿಂದ ಗರ್ಭಕೋಶ ತೆಗೆದಿದ್ದರೆ, ಅದೇ ವೈರಸ್ ಯೋನಿಯ ಮೇಲ್ಭಾಗದಲ್ಲಿಯೂ ಬದಲಾವಣೆ ತಂದಿರುವ ಸಾಧ್ಯತೆ ಇದ್ದೇ ಇರುತ್ತದೆ. ಇಲ್ಲಿ ವರದಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

3. ಗರ್ಭಕಂಠದ ಕ್ಯಾನ್ಸರಿಗೇ ಶಸ್ತ್ರಚಿಕಿತ್ಸೆಯಾಗಿದ್ದರೆ ಇದು ತಪಾಸಣೆಯ ವಿಷಯವೇ ಅಲ್ಲ. ಕ್ಯಾನ್ಸರ್ ತಜ್ಞರ ಅನುಸರಣೆಯ ಭಾಗ. ವಿಕಿರಣ ಚಿಕಿತ್ಸೆ ಪಡೆದವರ ಕೋಶಗಳು ವರ್ಷಗಳ ನಂತರವೂ ಊದಿಕೊಂಡು ವಿಕಾರವಾಗಿ ಕಾಣುವುದರಿಂದ, ಸ್ಲೈಡು ನೋಡುವ ಪೆಥಾಲಜಿಸ್ಟರಿಗೆ ಆ ಸಂಗತಿ ತಿಳಿಸದಿದ್ದರೆ ಅವರು ದಾರಿ ತಪ್ಪಬಹುದು.

4. ಏಕೆ ತೆಗೆದರೆಂದೇ ತಿಳಿಯದಿದ್ದರೆ, ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿದ್ದರೋ ಇಲ್ಲವೋ ಎಂಬುದೂ ಗೊತ್ತಿಲ್ಲದಿದ್ದರೆ, ಆಕೆಯನ್ನು ಮೊದಲನೆಯ ಗುಂಪಿಗೆ ಸೇರಿಸಲು ಯಾವ ಆಧಾರವೂ ಇಲ್ಲ.

ಎರಡನೆಯ ಗುಂಪಿನ ಎಚ್ಚರಿಕೆ ಅತಿಯಾಯಿತೆಂದು ತೋರಬಹುದು. ಕೆಟ್ಟ ಭಾಗವನ್ನೇ ಕತ್ತರಿಸಿ ತೆಗೆದ ಮೇಲೆ ಉಳಿದದ್ದೇನು ಎಂದು ಕೇಳುವುದು ಸಹಜ. ಉಳಿಯುವುದು ಯೋನಿಯ ಒಳಹೊದಿಕೆ. ಗರ್ಭಕಂಠವೂ ಯೋನಿಯೂ ಒಂದೇ ಸೋಂಕನ್ನು ಹಂಚಿಕೊಂಡ ಒಂದೇ ಹಾದಿಯ ಭಾಗಗಳಾದ್ದರಿಂದ, ಒಂದು ಕಡೆ ರೋಗ ಮೂಡಿದ್ದವರಲ್ಲಿ ಇನ್ನೊಂದು ಕಡೆ ಅದು ಮೂಡುವ ಸಂಭವ ಉಳಿದವರಿಗಿಂತ ಹೆಚ್ಚು. ಸ್ವೀಡನ್ನಿನಲ್ಲಿ ಸಿಐಎನ್ 3ಕ್ಕೆ ಚಿಕಿತ್ಸೆ ಪಡೆದ ಮಹಿಳೆಯರನ್ನು ದಶಕಗಳ ಕಾಲ ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭಕಂಠ ಮತ್ತು ಯೋನಿಯ ಕ್ಯಾನ್ಸರಿನ ಹೆಚ್ಚುವರಿ ಅಪಾಯ 25 ವರ್ಷ ಕಳೆದರೂ ಪೂರ್ತಿ ಅಳಿದಿರಲಿಲ್ಲ. ಅಮೆರಿಕದಲ್ಲಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳು ಇಂಥವರಿಗೆ ಗರ್ಭಕೋಶ ತೆಗೆದ ನಂತರವೂ ಮೊದಲ ಮೂರು ವರ್ಷ ವರ್ಷಕ್ಕೊಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ, ಒಟ್ಟು ಕನಿಷ್ಠ 25 ವರ್ಷ ಎಚ್‌ಪಿವಿ ಆಧಾರಿತ ಪರೀಕ್ಷೆ ಮಾಡಿಸಬೇಕೆಂದು ಹೇಳುತ್ತವೆ. ಬ್ರಿಟನ್ನಿನ ಪದ್ಧತಿ ಇಷ್ಟು ದೀರ್ಘವಲ್ಲ. ರೋಗದ ಭಾಗ ಪೂರ್ತಿ ಹೊರಬಂದಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಸ್ವಲ್ಪ ಕಾಲವಷ್ಟೇ ನೋಡಿ, ಫಲಿತಾಂಶ ಸರಿಯಿದ್ದರೆ ಅಲ್ಲಿಗೆ ಬಿಡುವುದು ಅಲ್ಲಿನ ರೂಢಿ. ಅವಧಿಯ ಬಗ್ಗೆ ಭಿನ್ನಾಭಿಪ್ರಾಯವಿದೆ, ಅನುಸರಣೆಯ ಅಗತ್ಯದ ಬಗ್ಗೆ ಇಲ್ಲ.

ಇನ್ನು ಸ್ಲೈಡಿನ ಮೇಲೆ ಕಾಣುವುದೇನು ಎಂಬ ಪ್ರಶ್ನೆ. ಗರ್ಭಕಂಠವನ್ನು ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚುತ್ತಾರೆ. ವೈದ್ಯರು ವಾಲ್ಟ್ ಎಂದು ಕರೆಯುವ ಈ ಮುಚ್ಚಿದ ತುದಿಯಿಂದಲೇ ಲೇಪವನ್ನು ತೆಗೆಯುವುದು. ಹೊಲಿಗೆಯ ಎರಡು ಮೂಲೆಗಳಲ್ಲಿ ಒಳಹೊದಿಕೆ ಸಣ್ಣ ಕಿವಿಗಳಂತೆ ಒಳಕ್ಕೆ ಮಡಚಿಕೊಂಡಿರುತ್ತದೆ, ಬ್ರಷ್ಷು ಸುಲಭವಾಗಿ ತಲುಪದ ಜಾಗ ಅದು. ಮುಟ್ಟು ನಿಲ್ಲುವ ವಯಸ್ಸು ದಾಟಿದವರಲ್ಲಿ, ವಿಶೇಷವಾಗಿ ಅಂಡಾಶಯಗಳನ್ನೂ ತೆಗೆಸಿಕೊಂಡವರಲ್ಲಿ, ಈಸ್ಟ್ರೊಜೆನ್ ಹಾರ್ಮೋನು ಇಳಿದು ಯೋನಿಯ ಹೊದಿಕೆ ತೆಳುವಾಗುತ್ತದೆ. ಆಗ ಕೆಳಪದರದ ಎಳೆಯ ಕೋಶಗಳೇ ಮೇಲೆ ಬಂದು ಸ್ಲೈಡಿಗೆ ಸೇರುತ್ತವೆ. ಎಳೆಯ ಕೋಶದಲ್ಲಿ ಮೈಗೆ ಹೋಲಿಸಿದರೆ ಬೀಜಕೇಂದ್ರ ದೊಡ್ಡದಾಗಿ ಕಾಣುತ್ತದೆ, ಕ್ಯಾನ್ಸರಿಗೆ ಮುಂಚಿನ ಕೋಶದಲ್ಲಿಯೂ ಹಾಗೆಯೇ. ಈ ಹೋಲಿಕೆಯಿಂದಾಗಿಯೇ ವರದಿಯಲ್ಲಿ ‘ಆಸ್ಕಸ್’, ಅಂದರೆ ಇದೇನೆಂದು ನಿಶ್ಚಯವಾಗಿ ಹೇಳಲಾಗದ ಚಪ್ಪಟೆ ಕೋಶಗಳು, ಎಂಬ ಪದ ಬರುವುದು. ಇನ್ನು ಕೆಲವರ ಲೇಪದಲ್ಲಿ ಲೋಳೆ ಸ್ರವಿಸುವ ಗ್ರಂಥಿಕೋಶಗಳು ಸಿಗುತ್ತವೆ. ಗರ್ಭಕಂಠವೇ ಇಲ್ಲದಿರುವಾಗ ಇವು ಎಲ್ಲಿಂದ ಬಂದವು ಎಂದು ಗಾಬರಿಯಾಗುವುದು ಸಹಜ. ಆದರೆ ಗಾಯ ಮಾಗುವಾಗ ಅಥವಾ ಹೊದಿಕೆ ಒಣಗಿದಾಗ ಯೋನಿಯ ಕೋಶಗಳೇ ಹಾಗೆ ಮಾರ್ಪಡಬಹುದು, ಅಪರೂಪಕ್ಕೆ ಹೊಲಿಗೆಯ ಸಂದಿಯಲ್ಲಿ ಅಂಡನಾಳದ ತುದಿ ಇಣುಕಿರಬಹುದು. ಕೋಶವರದಿಗಳಿಗೆ ಜಗತ್ತಿನಾದ್ಯಂತ ಬಳಸುವ ಬೆಥೆಸ್ಡಾ ಪದ್ಧತಿಯು ಗರ್ಭಕೋಶ ತೆಗೆದವರಲ್ಲಿ ಕಾಣುವ ಸಾಮಾನ್ಯ ರೂಪದ ಗ್ರಂಥಿಕೋಶಗಳನ್ನು ಕ್ಯಾನ್ಸರಿಗೆ ಸಂಬಂಧಿಸದ ಸಂಗತಿಗಳ ಪಟ್ಟಿಯಲ್ಲಿಯೇ ಇಟ್ಟಿದೆ. ಆದರೆ ಎಚ್‌ಎಸ್‌ಐಎಲ್, ಅಂದರೆ ತೀವ್ರ ಮಟ್ಟದ ಬದಲಾವಣೆ, ಎಂದು ಬರೆದಿದ್ದರೆ ಮೇಲಿನ ಯಾವ ಸಮಾಧಾನವೂ ಸಾಲದು; ಹಿನ್ನೆಲೆ ಏನೇ ಇರಲಿ, ಯೋನಿಯನ್ನು ವರ್ಧಕ ಮಸೂರದಿಂದ ನೋಡುವ ಕಾಲ್ಪೊಸ್ಕೋಪಿ ಆಗಲೇಬೇಕು.

ಒಂದೇ ಬಗೆಯ ವರದಿ ಇಬ್ಬರಲ್ಲಿ ಬೇರೆ ಬೇರೆ ಅರ್ಥ ಕೊಡುವುದು ಹೇಗೆ ಎಂಬುದು ತರ್ಕದ ಪ್ರಶ್ನೆಯೂ ಹೌದು. ವಾಸ್ತವದ ಅಂಕಿಗಳಲ್ಲದ, ಲೆಕ್ಕಕ್ಕೆಂದೇ ಇಟ್ಟುಕೊಂಡ ಸಂಖ್ಯೆಗಳಿಂದ ಇದನ್ನು ತೋರಿಸಬಹುದು. ಹತ್ತು ಸಾವಿರ ಮಹಿಳೆಯರ ಒಂದು ಗುಂಪಿನಲ್ಲಿ ಒಬ್ಬಳಿಗೆ ಮಾತ್ರ ರೋಗವಿದೆ, ಪರೀಕ್ಷೆ ಅವಳನ್ನು ಹಿಡಿಯುತ್ತದೆ, ಜೊತೆಗೆ ರೋಗವಿಲ್ಲದ ನೂರು ಜನರನ್ನೂ ತಪ್ಪಾಗಿ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಅಸಹಜ ವರದಿ ಪಡೆದ ನೂರೊಂದು ಜನರಲ್ಲಿ ನಿಜವಾದ ರೋಗಿ ಒಬ್ಬಳೇ. ಅಷ್ಟೇ ದೊಡ್ಡದಾದ ಇನ್ನೊಂದು ಗುಂಪಿನಲ್ಲಿ ಮುನ್ನೂರು ಜನರಿಗೆ ರೋಗವಿದ್ದು, ಪರೀಕ್ಷೆ ಅವರಲ್ಲಿ ಇನ್ನೂರು ಜನರನ್ನು ಹಿಡಿದು ಮತ್ತೆ ನೂರು ಜನರನ್ನು ತಪ್ಪಾಗಿ ಸೇರಿಸಿದರೆ, ಅಸಹಜ ವರದಿ ಪಡೆದ ಮೂವರಲ್ಲಿ ಇಬ್ಬರು ನಿಜವಾದ ರೋಗಿಗಳು. ವರದಿಯ ಮಾತು ಎರಡೂ ಕಡೆ ಅಕ್ಷರಶಃ ಒಂದೇ, ಅದರ ತೂಕ ಮಾತ್ರ ಪರೀಕ್ಷೆಗೆ ಮೊದಲೇ ಇದ್ದ ಅಪಾಯದಿಂದ ನಿಗದಿಯಾಗಿರುತ್ತದೆ. ಆದ್ದರಿಂದ ‘ಲ್ಯಾಬಿನ ತಪ್ಪು’ ಎನ್ನುವವರೂ ‘ಕ್ಯಾನ್ಸರ್ ಹರಡಿದೆ’ ಎನ್ನುವವರೂ ಹಿನ್ನೆಲೆ ಕೇಳದೆ ತೀರ್ಪು ಕೊಡುವ ಮಟ್ಟಿಗೆ ಒಂದೇ ಪಕ್ಷದವರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸಾಮಾನ್ಯ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡವರಿಗೆ ಪರೀಕ್ಷೆಯೇ ಬೇಡವೆಂದಾದರೆ, ಬೇಡದ ಪರೀಕ್ಷೆಯ ವರದಿಯನ್ನು ಕಸದ ಬುಟ್ಟಿಗೆ ಹಾಕಿದರೆ ತಪ್ಪೇನು? ಎರಡು ಬೇರೆ ಪ್ರಶ್ನೆಗಳು ಈ ಆಕ್ಷೇಪದಲ್ಲಿ ಒಂದಾಗಿಬಿಟ್ಟಿವೆ. ಸಾವಿರಾರು ಜನರಿಗೆ ಪರೀಕ್ಷೆ ನಡೆಸುವುದು ಲಾಭವೇ ಎಂಬುದು ಒಂದು. ಒಬ್ಬಳಿಗೆ ಬಂದುಬಿಟ್ಟಿರುವ ಫಲಿತಾಂಶವನ್ನು ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಎರಡನೆಯದಕ್ಕೆ ಉತ್ತರವಾಗುವುದಿಲ್ಲ, ಏಕೆಂದರೆ ಫಲಿತಾಂಶ ಬಂದ ಕ್ಷಣವೇ ಆಕೆ ಆ ಸಾವಿರಾರು ಜನರ ಸರಾಸರಿಯಿಂದ ಹೊರಬಂದಿರುತ್ತಾಳೆ. ಸಣ್ಣ ಅಸಹಜತೆಯಾದರೆ ಸೋಂಕಿಗೆ ಔಷಧ ಕೊಟ್ಟು, ಒಣಗಿದ ಯೋನಿಗೆ ಕೆಲವು ವಾರ ಈಸ್ಟ್ರೊಜೆನ್ ಕ್ರೀಮು ಹಚ್ಚಿಸಿ, ಮತ್ತೆ ನೋಡಿ, ಎಚ್‌ಪಿವಿ ಇಲ್ಲವೆಂದು ತಿಳಿದರೆ ನಿಶ್ಚಿಂತರಾಗಬಹುದು. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಆದವರಿಗೆ ಈ ಕ್ರೀಮನ್ನು ಅವರ ಕ್ಯಾನ್ಸರ್ ವೈದ್ಯರನ್ನು ಕೇಳದೆ ಕೊಡುವಂತಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ: ಹೆಚ್ಚುವರಿ ಪರೀಕ್ಷೆಯಿಂದ ನಷ್ಟವೇನು, ಎಲ್ಲರಿಗೂ ಮಾಡಿಸಿಬಿಡಲಿ. ನಷ್ಟವಿದೆ. ತಪ್ಪು ಎಚ್ಚರಿಕೆಗಳು ನೋವಿನ ಬಯಾಪ್ಸಿಗಳಿಗೂ ತಿಂಗಳುಗಟ್ಟಲೆಯ ಕಳವಳಕ್ಕೂ ದಾರಿಯಾಗುತ್ತವೆ. ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರು ಹೊಸದಾಗಿ ಗರ್ಭಕಂಠದ ಕ್ಯಾನ್ಸರಿಗೆ ಒಳಗಾಗುತ್ತಾರೆಂದು 2022ರ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ತಪಾಸಣೆ ಕಂಡವರು ಶೇಕಡಾ 2ನ್ನೂ ಮುಟ್ಟುವುದಿಲ್ಲ. ಗರ್ಭಕಂಠ ಇರುವವರಿಗೇ ಪರೀಕ್ಷೆ ಸಿಗದಿರುವಲ್ಲಿ, ಇಲ್ಲದವರ ಸ್ಲೈಡುಗಳಿಂದ ಲ್ಯಾಬುಗಳನ್ನು ತುಂಬಿಸುವುದು ವಿವೇಕವಲ್ಲ. ಇಷ್ಟಾದರೂ ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲು ಭಾರತದ ಸ್ಥಿತಿ ಬಿಡುವುದಿಲ್ಲ. ಅಮೆರಿಕದ ಶಿಫಾರಸು ದಾಖಲೆಗಳಿರುವ ಸಮಾಜಕ್ಕೆ ಬರೆದದ್ದು. ಇಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆಯುತ್ತವೆ, ಅದಕ್ಕೂ ಮುಂಚೆ ಪ್ಯಾಪ್ ಪರೀಕ್ಷೆ ಆಗಿರದಿರುವುದೇ ಹೆಚ್ಚು. ಕಲಬುರಗಿ ಜಿಲ್ಲೆಯ ತಾಂಡಾಗಳ ಮಹಿಳೆಯರಿಗೆ, ಅವರಲ್ಲಿ ಅನೇಕರಿಗೆ ನಲವತ್ತು ತುಂಬುವ ಮೊದಲೇ, ಬಿಳಿ ಮುಟ್ಟು ಹೊಟ್ಟೆನೋವುಗಳಿಗಾಗಿ ಗರ್ಭಕೋಶ ತೆಗೆದ ಸಂಗತಿ ಕಳೆದ ದಶಕದಲ್ಲಿ ಬೆಳಕಿಗೆ ಬಂದಿತು. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಬೇಕಾಯಿತು. ತಪಾಸಣೆಯಿಲ್ಲದೆ ಗರ್ಭಕೋಶ ತೆಗೆದಾಗ, ಒಳಗೆ ಆಗಲೇ ಬೆಳೆಯುತ್ತಿದ್ದ ಕ್ಯಾನ್ಸರ್ ಬಯಾಪ್ಸಿಯಲ್ಲಷ್ಟೇ ಪತ್ತೆಯಾಗುವ ಪ್ರಕರಣಗಳು ಭಾರತದ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೊಸವಲ್ಲ. ಬಯಾಪ್ಸಿಯೂ ಆಗದಿದ್ದರೆ ಅದು ಪತ್ತೆಯೇ ಆಗುವುದಿಲ್ಲ. ಹಾಗಾಗಿ ನಾಲ್ಕನೆಯ ಗುಂಪಿನವರನ್ನು ಒಮ್ಮೆಯಾದರೂ ಸರಿಯಾಗಿ ಪರೀಕ್ಷಿಸುವುದು ಅತಿಯಲ್ಲ.

ಎಚ್‌ಪಿವಿ ಇದೆ ಎಂಬ ಫಲಿತಾಂಶ ವೈದ್ಯರ ಕೊಠಡಿಗಿಂತ ಮನೆಯಲ್ಲಿ ಹೆಚ್ಚು ಅನಾಹುತ ಮಾಡುವುದುಂಟು. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂಬ ಒಂದು ಸಂಗತಿಯನ್ನಷ್ಟೇ ಹಿಡಿದುಕೊಂಡು ಗಂಡ ಹೆಂಡತಿ ಒಬ್ಬರನ್ನೊಬ್ಬರು ಅನುಮಾನಿಸುವುದಕ್ಕೆ ಯಾವ ಆಧಾರವೂ ಇಲ್ಲ. ಸೋಂಕು ಯಾವ ಲಕ್ಷಣವನ್ನೂ ತೋರದೆ ದಶಕಗಳ ಕಾಲ ಅಡಗಿದ್ದು, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಕಾಣಿಸಿಕೊಳ್ಳಬಲ್ಲದು. ಯಾವಾಗ, ಯಾರಿಂದ ಬಂದಿತೆಂದು ಹೇಳುವ ಪರೀಕ್ಷೆ ಜಗತ್ತಿನಲ್ಲಿಲ್ಲ.

ತೀವ್ರ ಬದಲಾವಣೆ ಕಂಡಾಗ ಆಗಲೇಬೇಕೆಂದು ಮೇಲೆ ಹೇಳಿದ ಕಾಲ್ಪೊಸ್ಕೋಪಿ ಎಂದರೆ ವರ್ಧಕ ಮಸೂರದ ಉಪಕರಣದಿಂದ ಯೋನಿಯ ಗೋಡೆಯನ್ನು ನೋಡುವುದು. 3ರಿಂದ 5 ಪ್ರತಿಶತದ ಅಸಿಟಿಕ್ ಆಮ್ಲ ಹಚ್ಚಿದಾಗ ಕೆಟ್ಟ ಭಾಗ ಬೆಳ್ಳಗಾಗುತ್ತದೆ. ಅಯೋಡಿನ್ ದ್ರಾವಣ ಹಚ್ಚಿದಾಗ ಆರೋಗ್ಯಕರ ಹೊದಿಕೆ ಕಂದುಬಣ್ಣಕ್ಕೆ ತಿರುಗಿ ಕೆಟ್ಟ ಭಾಗ ಹಳದಿಯಾಗಿ ಉಳಿಯುತ್ತದೆ. ಗರ್ಭಕಂಠವಾದರೆ ನೋಡುವ ಜಾಗ ಒಂದೇ ಕಡೆ ಇರುತ್ತದೆ. ಯೋನಿಯಲ್ಲಿ ಬದಲಾವಣೆಗಳು ಒಂದಕ್ಕಿಂತ ಹೆಚ್ಚು ಕಡೆ ಚದುರಿರಬಹುದಾದ್ದರಿಂದ ಮಡಿಕೆ ಮಡಿಕೆಯನ್ನೂ ಬಿಡಿಸಿ, ಮೇಲಿನ ಮೂರನೇ ಒಂದು ಭಾಗವನ್ನೂ ಹೊಲಿಗೆಯ ಮೂಲೆಗಳನ್ನೂ ವಿಶೇಷವಾಗಿ ನೋಡಬೇಕು, ಅನುಮಾನವಿದ್ದಲ್ಲಿ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಅಲ್ಲಿ ಕಾಣಬಹುದಾದ ಕ್ಯಾನ್ಸರ್‌ಪೂರ್ವ ಬದಲಾವಣೆಗೆ ವಿಎಐಎನ್ ಎಂದು ಹೆಸರು. ಅದರ ಮೊದಲ ಹಂತ ಎಷ್ಟೋ ಸಲ ತಾನಾಗಿಯೇ ಇಳಿದುಹೋಗುವುದರಿಂದ ಕಾದು ನೋಡಿದರೆ ಸಾಕು. ಎರಡು ಮತ್ತು ಮೂರನೆಯ ಹಂತಗಳಿಗೆ ಲೇಸರ್, ಹಚ್ಚುವ ಔಷಧ ಅಥವಾ ಆ ಭಾಗವನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಮೂತ್ರಕೋಶವೂ ಗುದನಾಳವೂ ಬೆರಳಗಲದ ದೂರದಲ್ಲಿರುವುದರಿಂದ ಇದು ಅನುಭವಿಗಳ ಕೈಯ ಕೆಲಸ.

ಇದುವರೆಗಿನ ಮಾತೆಲ್ಲವೂ ಲಕ್ಷಣಗಳಿಲ್ಲದವರಿಗೆ ಸಂಬಂಧಿಸಿದ್ದು. ಗರ್ಭಕೋಶ ತೆಗೆಸಿಕೊಂಡ ಮೇಲೆ ರಕ್ತ ಕಂಡರೆ, ದುರ್ವಾಸನೆಯ ಸ್ರಾವವಿದ್ದರೆ, ಪ್ಯಾಪ್ ವರದಿ ಸಹಜವಾಗಿಯೇ ಇದ್ದರೂ ವೈದ್ಯರು ಕಣ್ಣಾರೆ ನೋಡಿ ಪರೀಕ್ಷಿಸಲೇಬೇಕು.

ಇಷ್ಟಕ್ಕೂ ಅಸಹಜ ವರದಿಯ ಅರ್ಥವನ್ನು ನಿರ್ಧರಿಸುವುದು ಎರಡು ಹಳೆಯ ಕಾಗದಗಳು: ಯಾವ ಶಸ್ತ್ರಚಿಕಿತ್ಸೆ, ಏಕೆ ಎಂದು ಬರೆದಿರುವ ಡಿಸ್ಚಾರ್ಜ್ ಸಮ್ಮರಿ, ತೆಗೆದ ಅಂಗದಲ್ಲಿ ಏನಿತ್ತು ಎಂದು ಹೇಳುವ ಬಯಾಪ್ಸಿ ವರದಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ವೈದ್ಯರಿಗೆ ವಿಧಿಸುತ್ತವೆ. ಆದರೆ ಅದೇ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಕಾಯ್ದಿಡಬೇಕಾದ ಅವಧಿ, ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಮಾತ್ರ. ಅನುಸರಣೆ ಬೇಕಾಗಬಹುದಾದದ್ದು 25 ವರ್ಷ. ನಡುವಿನ 22 ವರ್ಷ ಆ ಕಾಗದಗಳು ಆಸ್ಪತ್ರೆಯಲ್ಲಿ ಸಿಗುತ್ತವೆಂಬ ಖಾತ್ರಿಯಿಲ್ಲ. ಗರ್ಭಕೋಶ ತೆಗೆಸಿಕೊಂಡವರು ಅವನ್ನು ಇಂದೇ ಕೇಳಿ ಪಡೆದು ರೇಷನ್ ಕಾರ್ಡು, ಆಧಾರ್ ಕಾರ್ಡುಗಳ ಜೊತೆಗೆ ಮನೆಯಲ್ಲಿ ಇಟ್ಟುಕೊಳ್ಳಬೇಕು.